ವ್ಯಾವಹಾರಿಕ ಮತ್ತು ಸೂಕ್ಷ್ಮ: ಮಹಾವೀರಾಚಾರ್ಯರ ಗಣಿತದಲ್ಲಿ ಅಳತೆಯ ಧರ್ಮ

ಗಣಿತವು ವ್ಯವಹಾರಕ್ಕಾಗಿ ಹುಟ್ಟಿತೆಂದು ಹೇಳುವುದು ವಾಡಿಕೆ. ಹೊಲವನ್ನು ಅಳೆಯಬೇಕಾಯಿತು, ಧಾನ್ಯವನ್ನು ಹಂಚಬೇಕಾಯಿತು, ಸಾಲಕ್ಕೆ ಬಡ್ಡಿ ಕಟ್ಟಬೇಕಾಯಿತು. ಆದುದರಿಂದ ಲೆಕ್ಕ ಹುಟ್ಟಿತು. ಈ ಮಾತು ಸುಳ್ಳಲ್ಲ. ಆದರೆ ಲೆಕ್ಕವು ತಾನು ಹುಟ್ಟಿದ ಮನೆಯಲ್ಲಿಯೇ ಉಳಿಯಿತೆ, ಮನೆ ಬಿಟ್ಟು ಹೋದ ಮೇಲೆ ಅಲ್ಲಿಗೆ ಮತ್ತೆ ಏನನ್ನಾದರೂ ತಂದುಕೊಟ್ಟಿತೆ ಎಂಬ ಪ್ರಶ್ನೆಗಳಿಗೆ ಇದರಲ್ಲಿ ಉತ್ತರವಿಲ್ಲ. ವಣಿಕರ ಸಮಾಜವೆಂದು ಹೆಸರು ಪಡೆದಿರುವ, ಅದೇ ಕಾಲಕ್ಕೆ ಅಸಂಖ್ಯಾತ ಮತ್ತು ಅನಂತಗಳ ಭೇದಗಳನ್ನು ಆಗಮಗಳಲ್ಲಿ ಎಣಿಸಿಟ್ಟಿರುವ ನಮ್ಮ ಸಮಾಜಕ್ಕೆ ಈ ಪ್ರಶ್ನೆಗಳು ಹೊರಗಿನವಲ್ಲ.

ಮೊದಲು ಬಹು ದೂರದ ಒಂದು ನಾಡಿನ ಕಡೆಗೆ ನೋಡೋಣ. ಟೈಗ್ರಿಸ್ ಮತ್ತು ಯೂಫ್ರೆಟಿಸ್ ನದಿಗಳ ನಡುವಣ ಬಾಬಿಲೋನಿಯ ನಾಡಿನಲ್ಲಿ ಇಂದಿಗೆ ಸುಮಾರು ಮೂರು ಸಾವಿರದ ಎಂಟು ನೂರು ವರ್ಷಗಳ ಹಿಂದೆ ಲಿಪಿಕಾರರ ಶಾಲೆಗಳಿದ್ದವು. ನಿಪ್ಪೂರ್ ನಗರದಲ್ಲಿ ಅಂತಹ ಒಂದು ಮನೆಯನ್ನು 1951-52ರಲ್ಲಿ ಅಗೆದಾಗ ವಿದ್ಯಾರ್ಥಿಗಳು ಬರೆದು ಬಿಸುಟ ಜೇಡಿಮಣ್ಣಿನ ಫಲಕಗಳ ಚೂರುಗಳು ಸಾವಿರಕ್ಕೂ ಮಿಕ್ಕಿ ದೊರೆತವು. ತೂಕ, ಅಳತೆಗಳ ಪಟ್ಟಿಗಳು, ಗುಣಾಕಾರದ ಕೋಷ್ಟಕಗಳು, ನೀತಿವಾಕ್ಯಗಳು, ದೇವತಾ ಸ್ತುತಿಗಳು ಎಲ್ಲವೂ ಅಲ್ಲಿ ಒಂದೇ ಪಾಠಕ್ರಮದ ಅಂಗಗಳು. ಅವರ ಎಣಿಕೆ ಅರವತ್ತರ ಮಾನದ್ದು. ನಮ್ಮ ಗಡಿಯಾರದ ನಿಮಿಷ, ಸೆಕೆಂಡುಗಳಲ್ಲಿ ಅದು ಇನ್ನೂ ಉಸಿರಾಡುತ್ತಿದೆ. ಕಲಿತು ಹೊರಬಂದ ಲಿಪಿಕಾರನು ದೇವಾಲಯದ ಕಣಜ, ಅರಮನೆಯ ಉಗ್ರಾಣ, ಕಾಲುವೆ ತೋಡುವ ಕೂಲಿಯವರ ದಿನಗೂಲಿ ಇವುಗಳ ಲೆಕ್ಕವನ್ನು ನೋಡಿಕೊಳ್ಳಬೇಕಾಗಿತ್ತು. ಇಷ್ಟರ ಮಟ್ಟಿಗೆ ಅದು ಅಪ್ಪಟ ವ್ಯವಹಾರ.

ಆದರೆ ಅದೇ ಲಿಪಿಕಾರರ ಬಳಗದಲ್ಲಿ ಬೇರೆ ಬಗೆಯ ಪ್ರಶ್ನೆಗಳೂ ಹುಟ್ಟಿಕೊಂಡವು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿರುವ ಒಂದು ಫಲಕದಲ್ಲಿ ಒಬ್ಬನಿಗೆ ಒಂದು ಕಲ್ಲು ಸಿಗುತ್ತದೆ. ಅವನು ಅದನ್ನು ತೂಗುವುದಿಲ್ಲ. ಅದರ ಏಳನೆಯ ಒಂದು ಭಾಗವನ್ನು ಅದಕ್ಕೆ ಸೇರಿಸುತ್ತಾನೆ. ಬಂದ ಮೊತ್ತದ ಹನ್ನೊಂದನೆಯ ಒಂದು ಭಾಗವನ್ನು ಮತ್ತೆ ಸೇರಿಸುತ್ತಾನೆ. ಆಮೇಲೆ ತೂಗಿದರೆ ಸರಿಯಾಗಿ ಒಂದು ಮೀನಾ. ಹಾಗಾದರೆ ಮೊದಲ ಕಲ್ಲಿನ ತೂಕವೆಷ್ಟು? ಕೈಯಲ್ಲಿ ತಕ್ಕಡಿಯಿರುವಾಗ ಕಲ್ಲನ್ನು ನೇರವಾಗಿ ತೂಗದೆ ಅದರ ಏಳನೆಯ ಭಾಗವನ್ನು ಹುಡುಕಿ ತರುವ ವ್ಯಾಪಾರಿ ಯಾವ ಪೇಟೆಯಲ್ಲಿಯೂ ಇರಲಾರ. ಬರ್ಲಿನ್ನಿನ ಇನ್ನೊಂದು ಫಲಕದಲ್ಲಿ ಹೊಲ ಅಳೆಯುವವನು ಉದ್ದವೇ ಗೊತ್ತಿರದ ಒಂದು ಜೊಂಡಿನ ಕೋಲನ್ನು ಹಿಡಿದು ಹೊರಡುತ್ತಾನೆ. ನಡುವೆ ಕೋಲು ಮುರಿಯುತ್ತದೆ. ಮುರಿದ ಕೋಲಿನಿಂದಲೇ ಅಳತೆ ಮುಂದುವರಿಯುತ್ತದೆ. ಕೊನೆಯಲ್ಲಿ ಕ್ಷೇತ್ರಫಲವನ್ನು ಹೇಳಿ, ಕೋಲಿನ ಮೂಲ ಉದ್ದವೆಷ್ಟೆಂದು ಕೇಳುತ್ತಾರೆ. ನಿಜವಾದ ಮೋಜಣಿದಾರನು ಹೀಗೆ ಮಾಡಿದರೆ ಅವನನ್ನು ಅಂದೇ ಕೆಲಸದಿಂದ ಬಿಡಿಸುತ್ತಿದ್ದರು. ಮಾರಿ ನಗರದ ಫಲಕವೊಂದರಲ್ಲಿ 99 ಜನರಿಂದ ತೊಡಗಿ ಒಂಬತ್ತು ಒಂಬತ್ತರಂತೆ ಏರುತ್ತ 891 ಹಕ್ಕಿ, 8019 ಇರುವೆ, 72,171 ತೆನೆ, 6,49,539 ಕಾಳುಗಳನ್ನು ಎಣಿಸಿ, ಕೊನೆಗೆ ಜನ, ಹಕ್ಕಿ, ಇರುವೆ, ತೆನೆ, ಕಾಳು ಎಲ್ಲವನ್ನೂ ಕೂಡಿಸಿ 7,30,719 ಎಂದು ಬರೆದಿದೆ. ಇರುವೆಗೂ ಮನುಷ್ಯನಿಗೂ ಒಂದೇ ಮೊತ್ತದಲ್ಲಿ ಸ್ಥಾನ ಕೊಟ್ಟ ಆ ಲಿಪಿಕಾರನಿಗೆ ಬೇಕಾಗಿದ್ದುದು ಶ್ರೇಢಿಯ ಸೊಗಸೇ ಹೊರತು ಕಣಜದ ಲೆಕ್ಕವಲ್ಲ.

ಇವೆಲ್ಲಕ್ಕಿಂತ ಪ್ರಸಿದ್ಧವಾದುದು ಬ್ರಿಟಿಷ್ ಮ್ಯೂಸಿಯಮ್ಮಿನ 13901ನೆಯ ಸಂಖ್ಯೆಯ ಫಲಕದ ಮೊದಲ ಪ್ರಶ್ನೆ. ಒಂದು ಚೌಕದ ಕ್ಷೇತ್ರಫಲವನ್ನೂ ಅದರ ಬಾಹುವನ್ನೂ ಕೂಡಿಸಿದರೆ ಮುಕ್ಕಾಲು, ಬಾಹುವೆಷ್ಟು? ಉತ್ತರ ಅರ್ಧ. ಕ್ಷೇತ್ರವನ್ನೂ ಉದ್ದವನ್ನೂ ಕೂಡಿಸುವುದೆಂದರೆ ಹೊಲಕ್ಕೆ ಹಗ್ಗವನ್ನು ಕೂಡಿಸಿದಂತೆ; ರೈತನಿಗೆ ಅದರ ಅರ್ಥವೇ ಆಗದು. ಡೆನ್ಮಾರ್ಕಿನ ವಿದ್ವಾಂಸ ಯೆನ್ಸ್ ಹಯ್ರಪ್ ಅವರು ಈ ಪಾಠದ ಒಂದೊಂದು ಶಬ್ದವನ್ನೂ ಪರಿಶೀಲಿಸಿ, ಆ ಬಾಹುವಿಗೆ ಒಂದು ಮಾನದ ಅಗಲವನ್ನು ಕೊಟ್ಟು ಅದನ್ನು ಪಟ್ಟಿಯಾಗಿಸಿ ಚೌಕದ ಪಕ್ಕಕ್ಕೆ ಇಡುತ್ತಿದ್ದರೆಂದೂ, ಬಳಿಕ ಪಟ್ಟಿಯನ್ನು ಎರಡಾಗಿ ಸೀಳಿ ಸ್ಥಳ ಬದಲಿಸಿ ದೊಡ್ಡ ಚೌಕವನ್ನು ಪೂರ್ಣಗೊಳಿಸುತ್ತಿದ್ದರೆಂದೂ ತೋರಿಸಿದ್ದಾರೆ. ಅಂದರೆ ಅವರ ಅಮೂರ್ತ ಚಿಂತನೆಯೂ ಹೊಲದ ಪಟ್ಟಿಯನ್ನು ಕೈಬಿಡಲಿಲ್ಲ. ಹೊಲವನ್ನೇ ಹಿಡಿದು, ಹೊಲದಲ್ಲಿ ಎಂದೂ ಏಳದ ಪ್ರಶ್ನೆಯನ್ನು ಕೇಳಿದರು.

ಇನ್ನು ನಮ್ಮ ನಾಡಿಗೆ ಬರೋಣ. ಸುರಪುರ ತಾಲ್ಲೂಕಿನ ದೇವಾಪುರದಿಂದ ಶಹಾಪುರಕ್ಕೆ ಬಂದು, ಅಲ್ಲಿಂದ ಭೀಮೆಯನ್ನು ದಾಟಿ ಯಾದಗಿರಿಯ ಮೂಲಕ ಉತ್ತರಕ್ಕೆ ಸಾಗಿದರೆ ಕಾಗಿಣಾ ನದಿಯ ತೀರದಲ್ಲಿ ಮಳಖೇಡವಿದೆ. ಒಂದೇ ದಿನದಲ್ಲಿ ಹೋಗಿ ಬರಬಹುದಾದ ದೂರ. ಇಂದು ಸೇಡಂ ತಾಲ್ಲೂಕಿನ ಒಂದು ಊರಾಗಿರುವ ಇದೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. 814ರಿಂದ 878ರವರೆಗೆ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಆಚಾರ್ಯ ಜಿನಸೇನರು ಅವನ ಗುರುಗಳಾಗಿದ್ದರು. ಜಯಧವಳಾ ಟೀಕೆಯನ್ನು ಅವರು 837ರಲ್ಲಿ ಪೂರ್ಣಗೊಳಿಸಿದರು. ಕವಿರಾಜಮಾರ್ಗವು ಅದೇ ಆಸ್ಥಾನದಲ್ಲಿ ರೂಪುಗೊಂಡಿತು. ಸುಮಾರು 850ರಲ್ಲಿ ಮಹಾವೀರಾಚಾರ್ಯರು ಗಣಿತಸಾರಸಂಗ್ರಹವನ್ನು ಸಂಸ್ಕೃತದಲ್ಲಿ ರಚಿಸಿ, ಅದರ ಆದಿಯಲ್ಲಿ ನೃಪತುಂಗನನ್ನು ಕೊಂಡಾಡಿದ್ದಾರೆ. ಜ್ಯೋತಿಷದ ಅಂಗವಾಗಿ ಅಲ್ಲದೆ ಗಣಿತವನ್ನೇ ಸ್ವತಂತ್ರ ವಿಷಯವನ್ನಾಗಿ ಮಾಡಿಕೊಂಡು ಬರೆದ ಗ್ರಂಥವೆಂಬುದು ಇದರ ಹಿರಿಮೆ.

ಸಂಜ್ಞಾಧಿಕಾರದಿಂದ ಆರಂಭವಾಗಿ ಪರಿಕರ್ಮ, ಕಲಾಸವರ್ಣ, ಪ್ರಕೀರ್ಣಕ, ತ್ರೈರಾಶಿಕ, ಮಿಶ್ರಕ, ಕ್ಷೇತ್ರಗಣಿತ, ಖಾತ, ಛಾಯೆ ಎಂದು ಸಾಗುವ ಈ ಗ್ರಂಥದಲ್ಲಿ ಸಾವಿರದ ನೂರಕ್ಕೂ ಹೆಚ್ಚು ಶ್ಲೋಕಗಳಿವೆ. ಲೌಕಿಕ, ವೈದಿಕ, ಸಾಮಯಿಕವೆಂಬ ಎಲ್ಲ ವ್ಯಾಪಾರಗಳಲ್ಲಿಯೂ ಗಣಿತವು ಬೇಕೆಂದು ಆಚಾರ್ಯರು ಆರಂಭದಲ್ಲಿಯೇ ಹೇಳುತ್ತಾರೆ. ಅರ್ಥಶಾಸ್ತ್ರ, ಸಂಗೀತ, ನಾಟಕ, ಪಾಕಶಾಸ್ತ್ರ, ವೈದ್ಯ, ವಾಸ್ತು, ಛಂದಸ್ಸು, ವ್ಯಾಕರಣ ಇವೆಲ್ಲವನ್ನೂ ಹೆಸರಿಸಿ, ಸೂರ್ಯಾದಿ ಗ್ರಹಗಳ ಚಲನೆಗೂ ದ್ವೀಪ, ಸಾಗರ, ಪರ್ವತಗಳ ಪ್ರಮಾಣಕ್ಕೂ ಅದೇ ಆಧಾರವೆಂದು ಸೇರಿಸುತ್ತಾರೆ. ಪಾಕಶಾಲೆಯಿಂದ ಲೋಕಾಕಾಶದವರೆಗೆ ಒಂದೇ ಉಸಿರಿನಲ್ಲಿ ಸಾಗುವ ಈ ಪಟ್ಟಿಯಲ್ಲಿ ವ್ಯವಹಾರಕ್ಕೂ ಅಮೂರ್ತಕ್ಕೂ ನಡುವೆ ಗೋಡೆಯೇ ಇಲ್ಲ.

ಗುಣಾಕಾರದ ಮೊದಲ ಉದಾಹರಣೆಯಂತೂ ನಮ್ಮ ಬಸದಿಗಳ ಆಡಳಿತ ನೋಡುವವರಿಗೆ ಬಹಳ ಆಪ್ತವಾದುದು. ಒಂದೊಂದು ಜಿನಾಲಯಕ್ಕೆ ಎಂಟು ಕಮಲಗಳಂತೆ ಅರ್ಪಿಸಿದರೆ 144 ಜಿನಾಲಯಗಳಿಗೆ ಎಷ್ಟು? 1152. ಪೂಜೆಯ ಯಾದಿ ಬರೆಯುವ ಯಾರಾದರೂ ಇದನ್ನು ಮಾಡಬಹುದು. ಅದರ ಹಿಂದೆಯೇ ಇನ್ನೊಂದು ಬರುತ್ತದೆ. ಒಂದು ಜಿನಾಲಯಕ್ಕೆ 139 ಪುಷ್ಯರಾಗ ಮಣಿಗಳಂತೆ 109 ಜಿನಾಲಯಗಳಿಗೆ ಎಷ್ಟು? ಇಷ್ಟು ಒಡ್ಡೊಡ್ಡಾದ ಸಂಖ್ಯೆಗಳನ್ನು ಯಾವ ದಾನಿಯೂ ಸಂಕಲ್ಪಿಸಲಾರ. ಗುಣಿಸಿ ನೋಡಿದಾಗ ಗುಟ್ಟು ಹೊರಬೀಳುತ್ತದೆ: 15151. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಆಚಾರ್ಯರಿಗೆ ಇಂತಹ ಗುಣಲಬ್ಧಗಳ ಮೇಲೆ ವಿಶೇಷ ಪ್ರೀತಿ. 152207ನ್ನು 73ರಿಂದ ಗುಣಿಸಿ 11111111ನ್ನು, 142857143ನ್ನು 7ರಿಂದ ಗುಣಿಸಿ 1000000001ನ್ನು, 27994681ನ್ನು 441ರಿಂದ ಗುಣಿಸಿ 12345654321ನ್ನು ಅವರು ಪಡೆಯುತ್ತಾರೆ; ಇಂತಹವುಗಳನ್ನು ಕೊರಳಿನ ಆಭರಣಗಳೆಂದು ಕರೆಯುತ್ತಾರೆ. ಮಣಿಗಳನ್ನು ದೇವರಿಗೆ ಅರ್ಪಿಸುವ ನೆಪದಲ್ಲಿ ಅಂಕಿಗಳ ಮಣಿಹಾರವೊಂದನ್ನು ಶಿಷ್ಯನ ಕೊರಳಿಗೆ ತೊಡಿಸುವ ಬಗೆಯಿದು.

ಪ್ರಕೀರ್ಣಕದ ನವಿಲುಗಳ ಪ್ರಶ್ನೆಯನ್ನು ಬಾಬಿಲೋನಿನ ಚೌಕದ ಪಕ್ಕದಲ್ಲಿಟ್ಟು ನೋಡಬೇಕು. ನವಿಲುಗಳ ಹಿಂಡಿನ ಹದಿನಾರನೆಯ ಭಾಗವನ್ನು ಅದರಿಂದಲೇ ಗುಣಿಸಿದಷ್ಟು ಮಾವಿನ ಮರದ ಮೇಲೆ, ಉಳಿದ ಭಾಗದ ಒಂಬತ್ತನೆಯ ಅಂಶವನ್ನು ಅದರಿಂದಲೇ ಗುಣಿಸಿದಷ್ಟೂ ಮತ್ತೆ ಹದಿನಾಲ್ಕೂ ತಮಾಲ ವೃಕ್ಷಗಳಲ್ಲಿ, ಒಟ್ಟು ನವಿಲುಗಳೆಷ್ಟು? ಉತ್ತರ 48. ಅದರ ಹದಿನಾರನೆಯ ಭಾಗ 3, ಅದರ ವರ್ಗ 9. ಹದಿನಾರನೆಯ ಭಾಗವನ್ನು ತೆಗೆದ ಮೇಲೆ 45, ಅದರ ಒಂಬತ್ತನೆಯ ಭಾಗ 5, ವರ್ಗ 25. ಒಂಬತ್ತು, ಇಪ್ಪತ್ತೈದು, ಹದಿನಾಲ್ಕು ಸೇರಿ ನಲವತ್ತೆಂಟು. ಒಂಟೆಗಳ ಪ್ರಶ್ನೆಯಲ್ಲಿ ಹಿಂಡಿನ ನಾಲ್ಕನೆಯ ಭಾಗ ಕಾಡಿನಲ್ಲಿ, ಹಿಂಡಿನ ವರ್ಗಮೂಲದ ಎರಡರಷ್ಟು ಬೆಟ್ಟದ ತಪ್ಪಲಲ್ಲಿ, ಹದಿನೈದು ನದಿಯ ದಡದಲ್ಲಿ, ಒಟ್ಟು 36. ನವಿಲಿನ ವರ್ಗವನ್ನಾಗಲಿ ಒಂಟೆಯ ವರ್ಗಮೂಲವನ್ನಾಗಲಿ ಕಂಡವರುಂಟೆ? ಕ್ಷೇತ್ರಕ್ಕೆ ಬಾಹುವನ್ನು ಕೂಡಿಸಿದ ಬಾಬಿಲೋನಿನ ಗುರುವೂ ಹಿಂಡಿನ ವರ್ಗಮೂಲವನ್ನು ಬೆಟ್ಟಕ್ಕೆ ಅಟ್ಟಿದ ನಮ್ಮ ಆಚಾರ್ಯರೂ ಎರಡೂವರೆ ಸಾವಿರ ವರ್ಷಗಳ ಅಂತರದಲ್ಲಿ ಒಂದೇ ಕೆಲಸವನ್ನು ಮಾಡುತ್ತಿದ್ದಾರೆ. ಇವೆರಡಕ್ಕೂ ನೇರ ಸಂಬಂಧವನ್ನು ಕಲ್ಪಿಸುವುದು ನನ್ನ ಉದ್ದೇಶವಲ್ಲ. ಕಲಿಸುವವನಿರುವಲ್ಲೆಲ್ಲ ಲೆಕ್ಕವು ಸಂತೆಯನ್ನು ಬಿಟ್ಟು ಮೇಲೇಳುತ್ತದೆ. ಆದರೆ ಸಂತೆಯ ಉಡುಗೆಯನ್ನು ಮಾತ್ರ ಕಳಚುವುದಿಲ್ಲ. ಪ್ರಣಯಕಲಹದಲ್ಲಿ ಹರಿದುಹೋದ ಮುತ್ತಿನ ಹಾರದ ಪ್ರಸಿದ್ಧ ಪ್ರಶ್ನೆಯಲ್ಲಿ ಲೆಕ್ಕ ಮಾಡಿ ನೋಡಿದರೆ ಆ ಹಾರದಲ್ಲಿದ್ದ ಮುತ್ತುಗಳು 1,48,608! ಅಂತಹ ಹಾರವನ್ನು ಹೊರಲು ಆ ತರುಣಿಗೆ ಆನೆಯೇ ಬೇಕಾಗುತ್ತಿತ್ತು.

ಆದರೆ ಹೀಗೆ ಮೇಲೇಳುವಾಗ ಲೆಕ್ಕವು ಏನನ್ನೋ ಕೆಳಗೆ ಬಿಟ್ಟು ಹೋಗುತ್ತದೆ. ಮಿಶ್ರಕ ವ್ಯವಹಾರದ ಒಂದು ಪ್ರಶ್ನೆಯಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ. ಮೂವರು ವರ್ತಕರು ದಾರಿಯಲ್ಲಿ ಬಿದ್ದಿದ್ದ ಹಣದ ಚೀಲವೊಂದನ್ನು ನೋಡುತ್ತಾರೆ. ಈ ಚೀಲ ನನ್ನದಾದರೆ ನಿಮ್ಮಿಬ್ಬರ ಒಟ್ಟು ಹಣದ ಎರಡರಷ್ಟು ನನ್ನಲ್ಲಿರುತ್ತದೆ ಎಂದು ಮೊದಲನೆಯವನು, ಮೂರರಷ್ಟು ಎಂದು ಎರಡನೆಯವನು, ಐದರಷ್ಟು ಎಂದು ಮೂರನೆಯವನು ಹೇಳುತ್ತಾರೆ. ಚೀಲದಲ್ಲಿ 15, ಅವರ ಕೈಗಳಲ್ಲಿ ಕ್ರಮವಾಗಿ 1, 3, 5. ಲೆಕ್ಕ ಸೊಗಸಾಗಿದೆ. ಆದರೆ ಚೀಲ ಯಾರದು? ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವನ್ನು ಓದಿದ ಯಾವ ಶ್ರಾವಕನೂ ಈ ಪ್ರಶ್ನೆಯನ್ನು ಕೇಳದೆ ಮುಂದೆ ಹೋಗಲಾರ. ಇಟ್ಟದ್ದಾಗಲಿ, ಬಿದ್ದದ್ದಾಗಲಿ, ಮರೆತದ್ದಾಗಲಿ, ಕೊಡದೆ ಇರುವ ಪರರ ದ್ರವ್ಯವನ್ನು ತೆಗೆದುಕೊಳ್ಳದಿರುವುದೇ ಅಚೌರ್ಯಾಣುವ್ರತವೆಂಬುದು ಅಲ್ಲಿಯ ನಿರೂಪಣೆ. ಗಣಿತದ ಪ್ರಶ್ನೆಯಲ್ಲಿ ಚೀಲಕ್ಕೆ ಯಜಮಾನನಿಲ್ಲ. ಅವನಿದ್ದರೆ ಸಮೀಕರಣವೇ ಇರುತ್ತಿರಲಿಲ್ಲ. ಇದಕ್ಕಾಗಿ ಆಚಾರ್ಯರನ್ನು ಆಕ್ಷೇಪಿಸುವುದು ಬಾಲಿಶವಾದೀತು. ಅವರ ವರ್ತಕರು ಚೀಲವನ್ನು ಮುಟ್ಟಿಯೂ ಇಲ್ಲ, ಆದರೆ ಎಂದು ಬಗೆಯುತ್ತಾರಷ್ಟೆ. ಅಮೂರ್ತವಾಗುವುದೆಂದರೆ ವಸ್ತುವಿನಿಂದ ಒಡೆತನವನ್ನೂ ಬಣ್ಣವನ್ನೂ ಬೆಲೆಯನ್ನೂ ಬೇರ್ಪಡಿಸಿ ಸಂಖ್ಯೆಯನ್ನು ಮಾತ್ರ ಹಿಡಿಯುವುದು. ಹಾಗೆ ಬೇರ್ಪಡಿಸಿದ ಒಡೆಯನು ಲೆಕ್ಕವು ಮತ್ತೆ ಹೊಲಕ್ಕೆ ಇಳಿಯುವಾಗ ತಿರುಗಿ ಬರುತ್ತಾನೆಯೆ ಎಂಬುದನ್ನು ನೋಡಬೇಕು. ನನ್ನ ದೃಷ್ಟಿಯಲ್ಲಿ ಗಣಿತಸಾರಸಂಗ್ರಹದ ನಿಜವಾದ ಸತ್ತ್ವವು ಕೊರಳಹಾರಗಳಲ್ಲಿಲ್ಲ. ಅದು ಕ್ಷೇತ್ರಗಣಿತದ ಅಧ್ಯಾಯದಲ್ಲಿದೆ.

ಈ ಅಧ್ಯಾಯದಲ್ಲಿ ಫಲವನ್ನು ಎರಡು ಬಗೆಯಾಗಿ ಹೇಳಿದೆ: ವ್ಯಾವಹಾರಿಕ ಫಲ, ಸೂಕ್ಷ್ಮ ಫಲ. ಚತುರ್ಭುಜದ ವ್ಯಾವಹಾರಿಕ ಫಲಕ್ಕೆ ಎದುರುಬದುರಿನ ಬಾಹುಗಳನ್ನು ಕೂಡಿಸಿ ಅರ್ಧಿಸಿ, ಬಂದ ಎರಡು ಅರ್ಧಗಳನ್ನು ಗುಣಿಸಬೇಕು. ಇದು ಬಹು ಪ್ರಾಚೀನವಾದ ಸೂತ್ರ. ಮೆಸೊಪೊಟೇಮಿಯದ ಮೋಜಣಿದಾರರು ಕ್ಷೇತ್ರಗಳನ್ನು ಅಳೆದದ್ದು ಇದರಿಂದಲೇ. ಈಜಿಪ್ಟಿನ ಎಡ್ಫು ದೇವಾಲಯದ ಗೋಡೆಗಳಲ್ಲಿ ಆ ದೇವಾಲಯಕ್ಕೆ ಬಿಟ್ಟ ಹೊಲಗಳ ವಿಸ್ತೀರ್ಣವನ್ನು ಕೆತ್ತಿರುವುದೂ ಇದೇ ಲೆಕ್ಕದಲ್ಲಿ. ಅಲ್ಲಿ ಮೂರು ಮೂಲೆಯ ಹೊಲವನ್ನು ನಾಲ್ಕನೆಯ ಬಾಹು ಇಲ್ಲದ ಚತುರ್ಭುಜವೆಂದು ಭಾವಿಸಿದ್ದಾರೆ. ಹಗ್ಗವೊಂದಿದ್ದರೆ ಸಾಕು, ಹೊಲದ ಅಂಚಿನಲ್ಲಿ ನಡೆದು ಅಳೆಯಬಹುದು, ಬೆಳೆಯೊಳಗೆ ಕಾಲಿಡಬೇಕಾಗಿಲ್ಲ. ಅದರ ಜನಪ್ರಿಯತೆಗೆ ಇಷ್ಟೇ ಕಾರಣ ಸಾಲದೆ?

ಈಗ ಒಂದು ಹೊಲವನ್ನು ತೆಗೆದುಕೊಳ್ಳೋಣ. ಕೃಷ್ಣಾ ಮತ್ತು ಭೀಮೆಯರ ನಡುವಣ ನಮ್ಮ ಸೀಮೆಯಲ್ಲಿ ಹಳ್ಳವೊಂದು ಓರೆಯಾಗಿ ಕೊಯ್ದು ಹೋದ ಮುಮ್ಮೂಲೆಯ ಹೊಲಗಳಿಗೆ ಬರವಿಲ್ಲ. ಬಾಹುಗಳು 13, 14, 15 ಗಳೆಗಳೆಂದು ಇಟ್ಟುಕೊಳ್ಳೋಣ. ವ್ಯಾವಹಾರಿಕ ಸೂತ್ರದಂತೆ 13 ಮತ್ತು 15ರ ಮೊತ್ತದ ಅರ್ಧ 14, ತಳದ ಅರ್ಧ 7. ಗುಣಿಸಿದರೆ 98 ಚದರ ಗಳೆ. ಸೂಕ್ಷ್ಮ ಫಲಕ್ಕೆ ಬಾಹುಗಳ ಮೊತ್ತದ ಅರ್ಧವಾದ 21ರಿಂದ ಒಂದೊಂದು ಬಾಹುವನ್ನೂ ಕಳೆಯಬೇಕು: 8, 7, 6. ಈ ನಾಲ್ಕನ್ನೂ ಗುಣಿಸಿದರೆ 7056, ಅದರ ವರ್ಗಮೂಲ 84. ಒಂದೇ ಹೊಲ, ಒಂದು ಲೆಕ್ಕದಲ್ಲಿ 98, ಇನ್ನೊಂದರಲ್ಲಿ 84. ಹೆಚ್ಚಾದ 14, ನಿಜವಾದ 84ರ ಸರಿಯಾಗಿ ಆರನೆಯ ಒಂದು ಭಾಗ. ಬೆಳೆಯ ಆರನೆಯ ಒಂದು ಭಾಗ ರಾಜನಿಗೆ ಎಂಬುದು ಪ್ರಾಚೀನ ಸಂಪ್ರದಾಯವೆಂಬುದನ್ನು ನೆನೆದರೆ, ರಾಜಭಾಗದಷ್ಟೇ ದೊಡ್ಡ ಪಾಲು ಈ ಹೊಲದಲ್ಲಿ ಬರಿಯ ಅಳತೆಯ ಸ್ಥೂಲತೆಯಲ್ಲಿಯೇ ಅಡಗಿದೆ!

ಇನ್ನೂ ಒಂದು ಸಂಗತಿ. ಈ ಸ್ಥೂಲ ಸೂತ್ರವು ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಎಂದು ತೂಗಾಡುವುದಿಲ್ಲ. ನಾಲ್ಕು ಮೂಲೆಗಳೂ ನೇರವಾಗಿರುವ ಆಯತವೊಂದನ್ನು ಬಿಟ್ಟರೆ ಉಳಿದ ಎಲ್ಲ ಹೊಲಗಳಿಗೂ ಇದು ನಿಜಕ್ಕಿಂತ ಹೆಚ್ಚನ್ನೇ ಕೊಡುತ್ತದೆ. ಹೊಲ ಎಷ್ಟು ಓರೆಯೋ ಹೆಚ್ಚಳ ಅಷ್ಟು ದೊಡ್ಡದು. ವಿಸ್ತೀರ್ಣದ ಮೇಲೆ ಕಂದಾಯವಿದ್ದರೆ ತೆರುವವನಿಗೆ ಯಾವಾಗಲೂ ನಷ್ಟ. ಪಡೆಯುವವನಿಗೆ ಯಾವಾಗಲೂ ಲಾಭ. ಮಾರುವವನಿಗೆ ಲಾಭ, ಕೊಳ್ಳುವವನಿಗೆ ನಷ್ಟ. ಯಾರೂ ಕೈಚಳಕ ಮಾಡಿಲ್ಲ, ಯಾರೂ ಗಳೆಯನ್ನು ಮೊಟಕುಗೊಳಿಸಿಲ್ಲ. ಆದರೂ ಧಾನ್ಯ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಿದಿದೆ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ. ಅವುಗಳಲ್ಲಿ ಒಂದು ಹೀನಾಧಿಕಮಾನೋನ್ಮಾನ. ಕೊಳಗದಂತಹ ಅಳತೆಗಳು ಮಾನ, ತೂಕಗಳು ಉನ್ಮಾನ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ಬಿಡಿಸಿ, ಪರರಿಗೆ ಕೊಡುವಾಗ ಕಡಿಮೆಯ ಮಾನವನ್ನೂ ತಾನು ಪಡೆಯುವಾಗ ಹೆಚ್ಚಿನ ಮಾನವನ್ನೂ ಬಳಸುವುದೆಂದು ವಿವರಿಸುತ್ತಾರೆ. ಆಶ್ಚರ್ಯವೆಂದರೆ ಕ್ರಿ.ಪೂ. 18ನೆಯ ಶತಮಾನದ ಬಾಬಿಲೋನಿನ ದೊರೆ ಹಮ್ಮುರಬಿಯ ಶಾಸನದಲ್ಲಿಯೂ ಇದೇ ದೋಷಕ್ಕೆ ದಂಡನೆಯಿದೆ: ಸಾಲ ಕೊಡುವಾಗ ಸಣ್ಣ ಮಾನದಿಂದ ಕೊಟ್ಟು ಹಿಂದಕ್ಕೆ ಪಡೆಯುವಾಗ ದೊಡ್ಡ ಮಾನದಿಂದ ಪಡೆದ ವರ್ತಕನು ಕೊಟ್ಟದ್ದನ್ನೆಲ್ಲ ಕಳೆದುಕೊಳ್ಳಬೇಕು. ಅವನಿಗಿಂತ ಮುಂಚಿನ ಉರ್ ನಮ್ಮುವಿನ ಕಟ್ಟಳೆಯ ಪೀಠಿಕೆಯಲ್ಲಿ ಅಳತೆ, ತೂಕಗಳನ್ನು ಏಕರೂಪಗೊಳಿಸಿದ್ದನ್ನೂ, ಅನಾಥನನ್ನು ಧನಿಕನ ಕೈಗೆ ಒಪ್ಪಿಸದಿದ್ದುದನ್ನೂ ಒಟ್ಟಿಗೆ ಹೇಳಿದೆ. ಎಲ್ಲಿಯ ಸುಮೇರು, ಎಲ್ಲಿಯ ಪೂಜ್ಯಪಾದರು! ಆದರೂ ಎರಡು ಕಡೆಯಲ್ಲಿಯೂ ಕೊಳಗವನ್ನು ಧರ್ಮದ ವಿಷಯವೆಂದೇ ತಿಳಿದಿದ್ದರು.

ಹಮ್ಮುರಬಿಯ ವರ್ತಕನ ಬಳಿ ಎರಡು ತೂಕದ ಕಲ್ಲುಗಳಿದ್ದವು. ಅವನ ಮೋಸ ಕಣ್ಣಿಗೆ ಕಾಣುವಂಥದು. ಎರಡು ಸೂತ್ರಗಳಿರುವವನ ಮೋಸ ಹಾಗೆ ಕಾಣುವುದಿಲ್ಲ. ಕೊಳ್ಳುವಾಗ ಒಂದು, ಮಾರುವಾಗ ಇನ್ನೊಂದು ಸೂತ್ರವನ್ನು ಹಿಡಿದವನು ಒಂದೇ ಗಳೆಯನ್ನು ಇಟ್ಟುಕೊಂಡೂ ಹೀನಾಧಿಕಮಾನವನ್ನು ಆಚರಿಸಬಲ್ಲ. ಸ್ಥೂಲ, ಸೂಕ್ಷ್ಮಗಳ ಭೇದವನ್ನು ಮಹಾವೀರಾಚಾರ್ಯರೇ ಮೊದಲು ಮಾಡಿದರೆಂದಲ್ಲ. 628ರಲ್ಲಿಯೇ ಬ್ರಹ್ಮಗುಪ್ತನು ಎರಡನ್ನೂ ಹೇಳಿದ್ದಾನೆ. ಆದರೆ ಆಚಾರ್ಯರು ಕ್ಷೇತ್ರಗಣಿತವನ್ನು ಆಮೂಲಾಗ್ರವಾಗಿ ಈ ಎರಡು ಹೆಸರುಗಳ ಕೆಳಗೆ ವಿಂಗಡಿಸಿದರು. ಖಾತ ವ್ಯವಹಾರದಲ್ಲಿಯೂ ಕಾರ್ಮಾಂತಿಕ, ಔಂಡ್ರ ಎಂಬ ಎರಡು ಫಲಗಳನ್ನು ಕಂಡುಹಿಡಿದು, ಅವೆರಡರಿಂದ ಸೂಕ್ಷ್ಮ ಫಲವನ್ನು ಸಾಧಿಸುವ ಕ್ರಮವನ್ನು ಕೊಟ್ಟರು. ವ್ಯಾವಹಾರಿಕವನ್ನು ತಪ್ಪೆಂದು ಬಿಸುಡಲಿಲ್ಲ, ಸೂಕ್ಷ್ಮವೆಂದು ಸೋಗು ಹಾಕಿಸಲೂ ಇಲ್ಲ, ಹೆಸರಿಟ್ಟರು. ಬಾಬಿಲೋನಿನ ಫಲಕಗಳಲ್ಲಿ ನಾನು ಕಾಣದ ಗುಣವಿದು. ಅಲ್ಲಿಯ ಗುರು ಮುರಿದ ಕೋಲಿನ ಉದ್ದವನ್ನು ಅದ್ಭುತವಾದ ಜಾಣ್ಮೆಯಿಂದ ಕಂಡುಹಿಡಿಯುತ್ತಾನೆ. ಆದರೆ ಎದುರುಬದುರಿನ ಬಾಹುಗಳ ಸೂತ್ರವನ್ನು ಪಕ್ಕದಲ್ಲಿ ಎಚ್ಚರಿಕೆಯ ಮಾತಿಲ್ಲದೆಯೇ ಬಳಸುತ್ತಾನೆ.

ಬಾವಿಯ ಉದಾಹರಣೆ ಇನ್ನೂ ಸ್ವಾರಸ್ಯದ್ದು. ವೃತ್ತದ ಪರಿಧಿಯು ವ್ಯಾಸದ ಮೂರರಷ್ಟೆಂಬುದು ಆಚಾರ್ಯರ ವ್ಯಾವಹಾರಿಕ ಮಾನ. ಬಾಬಿಲೋನಿನಲ್ಲಿಯೂ ವಾಡಿಕೆಯ ಮಾನ ಇದೇ. ಹತ್ತು ಮೊಳ ವ್ಯಾಸದ ಬಾವಿಯ ಬಾಯಿ ಮೂರರ ಲೆಕ್ಕದಲ್ಲಿ 75 ಚದರ ಮೊಳ. ನಿಜವಾದದ್ದು ಸುಮಾರು 78.54. ಅಗೆದ ಮಣ್ಣಿನ ಲೆಕ್ಕದಲ್ಲಿ ಕೂಲಿ ಕೊಟ್ಟರೆ ಬಾವಿ ತೋಡಿದವನು ನೂರಕ್ಕೆ ನಾಲ್ಕೂವರೆಯಷ್ಟು ಬೆವರನ್ನು ಬಿಟ್ಟಿಯಾಗಿ ಸುರಿಸಿದಂತಾಯಿತು. ಅದೇ ಬಾವಿಯ ಸುತ್ತ ಹಗ್ಗ ಹಿಡಿದು ಪರಿಧಿಯನ್ನು ಅಳೆದು, ಅದರ ವರ್ಗವನ್ನು ಹನ್ನೆರಡರಿಂದ ಭಾಗಿಸುವ ಬಾಬಿಲೋನಿನ ಕ್ರಮವನ್ನು ಹಿಡಿದರೆ ಫಲವು ನಿಜಕ್ಕಿಂತ ಹೆಚ್ಚಾಗುತ್ತದೆ. ಆಗ ಕೂಲಿ ಕೊಡುವವನಿಗೆ ನಷ್ಟ. ಎರಡು ಕಡೆಯೂ ಮೂರೇ ಮೂರು. ಅಡ್ಡ ಅಳೆಯಬೇಕೋ ಸುತ್ತ ಅಳೆಯಬೇಕೋ ಎಂಬುದನ್ನು ತೀರ್ಮಾನಿಸುವ ಅಧಿಕಾರ ಯಾರ ಕೈಯಲ್ಲಿದೆಯೋ ಅವನೇ ಗೆದ್ದ.

ವೃತ್ತಕ್ಕೆ ಆಚಾರ್ಯರು ಕೊಟ್ಟ ಸೂಕ್ಷ್ಮ ಮಾನ ಹತ್ತರ ವರ್ಗಮೂಲ, ಅಂದರೆ ಸುಮಾರು 3.1623. ಇದು ನಮ್ಮ ಪರಂಪರೆಗೆ ಬಹು ಪ್ರಿಯವಾದ ಮಾನ. ಒಂದು ಲಕ್ಷ ಯೋಜನ ವ್ಯಾಸದ ಜಂಬೂದ್ವೀಪದ ಪರಿಧಿಯನ್ನು ಇದೇ ಲೆಕ್ಕದಲ್ಲಿ 3,16,227 ಯೋಜನ, 3 ಕ್ರೋಶ, 128 ಧನುಸ್ಸು, ಹದಿಮೂರೂವರೆ ಅಂಗುಲ ಮತ್ತು ಸ್ವಲ್ಪ ಹೆಚ್ಚು ಎಂದು ಕಂಡುಹಿಡಿದಿದ್ದಾರೆ. ಯಾವ ಹಗ್ಗವೂ ತಲುಪದ ದ್ವೀಪಕ್ಕೆ ಅಂಗುಲದವರೆಗಿನ ಅಳತೆ! ಇದನ್ನು ನೋಡಿ ನಗುವ ಆಧುನಿಕರಿದ್ದಾರೆ. ವರ್ಗಮೂಲವನ್ನು ಅಷ್ಟು ದೂರದವರೆಗೆ ಬಿಡಿಸುವ ಶಿಸ್ತನ್ನು ಬೆಳೆಸಿದ್ದು ಈ ಅಳೆಯಲಾಗದ ದ್ವೀಪವೇ ಎಂಬುದನ್ನು ಅವರು ಮರೆಯುತ್ತಾರೆ. ಆದರೆ ನಾವೂ ಒಂದನ್ನು ಮರೆಯಬಾರದು. 499ರಲ್ಲಿಯೇ ಆರ್ಯಭಟನು 3.1416 ಎಂಬ ಮಾನವನ್ನು ಕೊಟ್ಟಿದ್ದ. ಧವಳಾ ಟೀಕೆಯಲ್ಲಿ ಜಿನಸೇನರ ಗುರುಗಳಾದ ವೀರಸೇನಾಚಾರ್ಯರು ಉಲ್ಲೇಖಿಸಿದ ನಿಯಮದಲ್ಲಿ 113ಕ್ಕೆ 355 ಎಂಬ, ಇನ್ನೂ ನಿಕಟವಾದ ಮಾನವು ಹುದುಗಿದೆ. ಆಚಾರ್ಯರ ಸೂಕ್ಷ್ಮಕ್ಕಿಂತ ಸೂಕ್ಷ್ಮವಾದುದು ಅವರ ಹಿಂದೆಯೇ ಇತ್ತು. ಚತುರ್ಭುಜಕ್ಕೆ ಅವರು ಹೇಳಿದ ಸೂಕ್ಷ್ಮ ಸೂತ್ರವಾದರೂ ನಾಲ್ಕು ಮೂಲೆಗಳು ಒಂದೇ ವೃತ್ತದ ಮೇಲೆ ಬೀಳುವಾಗ ಮಾತ್ರ ನಿಖರ. ಉಳಿದ ಹೊಲಗಳಿಗೆ ಅದೂ ಹೆಚ್ಚನ್ನೇ ಕೊಡುತ್ತದೆ, ವ್ಯಾವಹಾರಿಕವನ್ನು ಮೀರದಿದ್ದರೂ. ಸೂಕ್ಷ್ಮವೆಂಬ ಹೆಸರು ಒಂದು ಮೆಟ್ಟಿಲಿನದು, ಶಿಖರದ್ದಲ್ಲ. ಋಣಸಂಖ್ಯೆಯು ಸ್ವಭಾವತಃ ವರ್ಗವಲ್ಲವಾದ್ದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದು ಅಷ್ಟು ತಿಳಿಯಾಗಿ ಹೇಳಿದವರೇ, ಸೊನ್ನೆಯಿಂದ ಭಾಗಿಸಿದ ಸಂಖ್ಯೆಯು ಬದಲಾಗದೆ ಉಳಿಯುತ್ತದೆಂದು ಇನ್ನೊಂದೆಡೆ ಹೇಳಿದ್ದಾರೆ. ಇದನ್ನು ಇಂದಿನ ಗಣಿತವು ಒಪ್ಪುವುದಿಲ್ಲ. ಪೂರ್ವಾಚಾರ್ಯರ ಮೇಲಿನ ಗೌರವಕ್ಕೆ ಇದರಿಂದ ಕುಂದಿಲ್ಲ.

ಗ್ರಂಥದ ಮುಂದಿನ ಕಥೆಯನ್ನು ಚುಟುಕಾಗಿ ಹೇಳಬಹುದು. 11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಅದನ್ನು ತೆಲುಗಿಗೆ ತಂದನು. 12ನೆಯ ಶತಮಾನದಲ್ಲಿ ಪೂವಿನಬಾಗೆಯ ಜೈನ ಕವಿ ರಾಜಾದಿತ್ಯನು ವ್ಯವಹಾರಗಣಿತ, ಕ್ಷೇತ್ರಗಣಿತ ಮೊದಲಾದ ಕೃತಿಗಳನ್ನು ಕನ್ನಡದಲ್ಲಿಯೇ ರಚಿಸಿದನು; ಸಂಸ್ಕೃತವನ್ನು ಓದದ ಕರಣಿಕರಿಗೂ ಗಣಿತವು ಎಟುಕುವಂತಾಯಿತು. ಮದರಾಸಿನ ಎಂ. ರಂಗಾಚಾರ್ಯರು 1912ರಲ್ಲಿ ಗಣಿತಸಾರಸಂಗ್ರಹವನ್ನು ಇಂಗ್ಲಿಷ್ ಅನುವಾದದೊಡನೆ ಅಚ್ಚು ಹಾಕಿಸಿದಾಗ ಅಮೆರಿಕದ ಡೇವಿಡ್ ಯೂಜೀನ್ ಸ್ಮಿತ್ ಅದಕ್ಕೆ ಪೀಠಿಕೆ ಬರೆದರು. ಬಾಬಿಲೋನಿನ ಗಣಿತ ಫಲಕಗಳು ನಾಯ್ಗೆಬಾವರ್ ಮೊದಲಾದವರಿಂದ ವಿಸ್ತಾರವಾಗಿ ಪ್ರಕಟವಾದದ್ದು 1930ರ ದಶಕದಲ್ಲಿ. ಆದುದರಿಂದ ಮಣ್ಣಿನ ಆ ಚೌಕವನ್ನೂ ಮಾನ್ಯಖೇಟದ ಈ ನವಿಲುಗಳನ್ನೂ ಒಟ್ಟಿಗೆ ನೋಡುವ ಅವಕಾಶ ಸ್ಮಿತ್ತರಿಗೆ ಇರಲಿಲ್ಲ. ಹೊಂಬುಜದ ಗ್ರಂಥಮಾಲೆಯಿಂದ 2000ದಲ್ಲಿ ಪದ್ಮಾವತಮ್ಮನವರ ಕನ್ನಡ ಅನುವಾದವು ಹೊರಬಂದ ಮೇಲೆ ನಮ್ಮ ಮನೆಗಳ ಮಕ್ಕಳಿಗೂ ಆ ಅವಕಾಶ ದೊರೆತಿದೆ.

ಕೊನೆಯದಾಗಿ ಶಾಸನಗಳ ಒಂದು ಪದ್ಧತಿಯನ್ನು ಇಲ್ಲಿ ನೆನೆಯಬೇಕು. ರಾಷ್ಟ್ರಕೂಟ, ಕಲ್ಯಾಣ ಚಾಳುಕ್ಯರ ಕಾಲದ ದಾನಶಾಸನಗಳಲ್ಲಿ ಬಸದಿಗೋ ದೇಗುಲಕ್ಕೋ ಬಿಟ್ಟ ಭೂಮಿಯನ್ನು ಮತ್ತರು, ಕಮ್ಮಗಳಲ್ಲಿ ಹೇಳುತ್ತಾರೆ. ಮತ್ತರು ಎಂದರೆ ಎಷ್ಟು ಎಂಬುದು ಅದನ್ನು ಅಳೆದ ಗಳೆಯನ್ನು ಅವಲಂಬಿಸಿತ್ತು. ಗಳೆಯ ಉದ್ದವೋ ಊರಿಂದ ಊರಿಗೆ ಬೇರೆ. ಆದುದರಿಂದ ಇಷ್ಟು ಮತ್ತರು ಬಿಟ್ಟೆವೆಂದು ಬರೆದರೆ ಸಾಲದೆಂದು ಬಗೆದ ದಾನಿಗಳು, ಅದನ್ನು ಯಾವ ಗಳೆಯಿಂದ ಅಳೆದು ಬಿಟ್ಟದ್ದೆಂಬುದನ್ನೂ ಹೆಸರು ಹೇಳಿ ಕಲ್ಲಿನಲ್ಲಿ ಕೆತ್ತಿಸುತ್ತಿದ್ದರು. ದಕ್ಷಿಣ ಭಾರತದ ಕೆಲವು ದೇವಾಲಯಗಳಲ್ಲಿ ಆ ಗಳೆಯ ಉದ್ದವನ್ನೇ ಗೋಡೆಯ ಮೇಲೆ, ಎರಡು ತುದಿಗಳಲ್ಲಿ ಗುರುತು ಮಾಡಿ, ಒಂದು ಗೆರೆಯಾಗಿ ಕೊರೆದಿಟ್ಟಿದ್ದಾರೆ. ಕೋಲು ಮುರಿದರೂ ಕಳೆದರೂ ಹೊಸ ಕೋಲನ್ನು ಆ ಗೆರೆಗೆ ಹಿಡಿದು ಸರಿನೋಡಿಕೊಳ್ಳಬಹುದಾಗಿತ್ತು.